ನಮ್ಮ ಎಂಆರ್‌ಐದಾಗ ಸಿಗ್ನಲ್ 80 ಮಿಲಿಸೆಕೆಂಡಿಗೆ ಸಾಯತೈತಿ, ವಜ್ರದಾಗ ನ್ಯೂಕ್ಲಿಯಸ್ ನಿಮಿಷಗಟ್ಲೆ ನೆನಪು ಹೆಂಗ ಇಟ್ಕೊಂತೈತಿ?

ಕೊಥ್ರೂಡ್ ಕಾಕಾ

ಎಲ್ಲಾರಿಗೂ ನಮಸ್ಕಾರ್ರಿ. ನಾ ಬಾಗಲಕೋಟಿ ಕಡೆಯಾಂವ, ಪುಣೆಕ ಬಂದು 19 ವರ್ಷ ಆತು. ಒಂದು ಸ್ಕ್ಯಾನ್ ಸೆಂಟರ್‌ನ್ಯಾಗ ಎಂಆರ್‌ಐ ಟೆಕ್ನಿಶಿಯನ್ ಅದೀನಿ, 1.5 ಟೆಸ್ಲಾ ಮಷೀನು. ಡಿಪ್ಲೊಮಾದಾಗ ಓದಿದ ಫಿಸಿಕ್ಸು ಅರ್ಧ ಮರ್ತೀನಿ, ಉಳಿದದ್ದು ಮಷೀನಿನ ಮುಂದ ಕುಂತು ಕಲ್ತದ್ದು. ತಪ್ಪು ಹೇಳಿದ್ರ ತಿದ್ರಿ, ಆದ್ರ ಗಣಿತ ಹೇರಬ್ಯಾಡ್ರಿ.

ಸಂಗತಿ ಏನಂದ್ರ, ಮಗಳು ಬಿಇ ಮೂರನೇ ವರ್ಷ. ಹೋದ ಶನಿವಾರ ಪಾಷಾಣದಾಗಿನ ಐಸರ್ ವಿಜ್ಞಾನ ಸಂಸ್ಥೆಗೆ ಹೋಗಿ ಒಂದು ಭಾಷಣ ಕೇಳಿ ಬಂದ್ಲು. ರಾತ್ರಿ ಊಟಕ್ಕ ಕುಂತಾಗ ರೊಟ್ಟಿ ಮುರ್ಕೋಂತ ಅಂತಾಳ: "ಪಪ್ಪಾ, ನೀ ದಿನಾ ಮಂದಿ ಹೊಟ್ಯಾಗ ತಿರುವಿ ತಿರುವಿ ನೋಡ್ತಿಯಲ್ಲ ನ್ಯೂಕ್ಲಿಯಸ್, ಅದರ ಸ್ಪಿನ್ನಿನ್ಯಾಗ, ಅಂದ್ರ ಅದರ ಪುಟ್ಟ ಅಯಸ್ಕಾಂತದ ದಿಕ್ಕಿನ್ಯಾಗ, ಕ್ವಾಂಟಮ್ ಮಾಹಿತಿ ಇಟ್ಟು ಕಾಪಾಡ್ತಾರ. ವಜ್ರದಾಗ ಒಂದು ನಿಮಿಷದ ಮ್ಯಾಲೆ ಉಳಿದೈತಿ." ನಾ ನಕ್ಕೆ. ನಿಮಿಷ? ಮೆದುಳಿನ ವೈಟ್ ಮ್ಯಾಟರ್‌ದು (ಒಳಗಿನ ಬಿಳಿ ಭಾಗ) ಟಿ2, ಅಂದ್ರ ಸ್ಪಿನ್‌ಗಳ ತಾಳ ತಪ್ಪಿ ಸಿಗ್ನಲ್ ಸಾಯೂ ಹೊತ್ತು, ಸುಮಾರು 80 ಮಿಲಿಸೆಕೆಂಡು. ಲಿವರ್ ಅಂದ್ರ 50ರ ಆಜೂಬಾಜು. ಸ್ಪಿನ್ ಮಲಗಿಸೂ 90 ಡಿಗ್ರಿ ರೇಡಿಯೋ ಪಲ್ಸ್ ಹೊಡದ ಕೂಡ್ಲೇ ಓಟ ಚಾಲೂ, ತಿರುವಿ ಹಾಕೂ 180 ಮ್ಯಾಲೆ 180 ಹೊಡದು ಎಕೋ (ಮರಳಿ ಬರೂ ಸಿಗ್ನಲ್) ಕೂಡಿಸ್ಕೊಂಡು ಮುಗಸಬೇಕು. ತಡಾ ಆತಂದ್ರ ಸ್ಕ್ರೀನ್ ಮ್ಯಾಲೆ ಬರೇ ಮರಳು ಕಾಣತೈತಿ. ಇಪ್ಪತ್ನಾಕು ತಾಸು ಹೀಲಿಯಂದಾಗ ಮುಳುಗಿಸಿಟ್ಟ ಮ್ಯಾಗ್ನೆಟ್ಟು, ಕೋಲ್ಡ್ ಹೆಡ್ಡು ಹಗಲೂ ರಾತ್ರಿ ಚುಂಯ್ ಚುಂಯ್ ಅಂತೈತಿ, ಇಷ್ಟು ಮಾಡಿದ್ರೂ ಸಿಗೂದು ಅಷ್ಟ.

ಅಕಿ ಬಿಡ್ಲಿಲ್ಲ. "ನ್ಯೂಕ್ಲಿಯಸ್‌ನ ಎಲೆಕ್ಟ್ರಾನ್ ಸ್ಪಿನ್ ಜೋಡಿ ಜೋಡಿಸ್ತಾರ. ಎಲೆಕ್ಟ್ರಾನ್ ಕೆಲಸ ಮಾಡತೈತಿ, ನ್ಯೂಕ್ಲಿಯಸ್ ನೆನಪಿಟ್ಕೊಂತೈತಿ" ಅಂದ್ಲು. ಇಲ್ಲೇ ನನಗ ಪೂರಾ ತಲಿ ಕೆಡ್ತು. ಯಾಕಂದ್ರ ನಮ್ಮ ಧಂದೇದಾಗ ಎಲೆಕ್ಟ್ರಾನ್ ಅಂದ್ರ ನ್ಯೂಕ್ಲಿಯಸ್ಸಿಗಿ ವೈರಿ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡ್ತೀವಲ್ಲ, ಗ್ಯಾಡೊಲಿನಿಯಂ, ಅದರಾಗ ಜೋಡಿ ಇಲ್ಲದ ಎಲೆಕ್ಟ್ರಾನ್ 7 ಅದಾವ. ಅವು ಬಾಜೂಕ ಬಂದ್ವು ಅಂದ್ರ ನೀರಿನ ಪ್ರೋಟಾನಿನ (ಹೈಡ್ರೊಜನ್ ನ್ಯೂಕ್ಲಿಯಸ್) ಟಿ1, ಅಂದ್ರ ಸ್ಪಿನ್ ತನ್ನ ಮೊದಲಿನ ನಿಲುವಿಗೆ ಮರಳೂ ಹೊತ್ತು, ಧಬಕ್ಕನ ಇಳೀತೈತಿ, ಟಿ2ನೂ ಇಳೀತೈತಿ. ಹಂತಾ ಎಲೆಕ್ಟ್ರಾನಿನ ಮಗ್ಗಲಾಗ ನ್ಯೂಕ್ಲಿಯಸ್ ಕುಂದರಿಸಿ "ಇದು ಭದ್ರ ಇರ್ಲಿ" ಅಂದ್ರ ಬೇಲಿನೇ ಎದ್ದು ಹೊಲ ಮೇಯ್ದಂಗ ಆಗೂದಿಲ್ಲೇನು?

ಅಕಿಗೆ ಉತ್ತರ ಬರ್ಲಿಲ್ಲ, ನನಗೂ ಬರ್ಲಿಲ್ಲ. ರೊಟ್ಟಿ ಆರಿ ಹಪ್ಪಳ ಆತು. ತಿಳಿದವರು ಯಾರರ ಇದ್ರ ಹೇಳ್ರಿ.

ಹಿಂಜೇವಾಡಿ ಫೇಸ್ 3

ಅಂದ್ರೆ ಇನ್ಮೇಲೆ ಪೆನ್ ಡ್ರೈವ್ ಬದಲು ವಜ್ರದ ಉಂಗುರ? ಹೆಂಡತಿಗೆ ಹೇಳಬೇಡಿ ಕಾಕಾ, ಲಕ್ಷ್ಮೀ ರೋಡಿಗೆ ಕರ್ಕೊಂಡು ಹೋಗ್ತಾಳೆ.

ಮಾಟುಂಗಾ ನಿವೃತ್ತ

ಕಾಕಾ ಎಂದು ಹೆಸರಿಟ್ಟುಕೊಂಡಿದ್ದೀರಿ. ನನಗೆ 74, ಆದ್ದರಿಂದ ತಮ್ಮಾ ಎಂದರೆ ಬೇಜಾರು ಮಾಡಬೇಡಿ. ಗ್ಯಾಡೊಲಿನಿಯಂ ಪ್ರಶ್ನೆ ಗಟ್ಟಿ ಪ್ರಶ್ನೆ ಮಾರಾಯ್ರೇ, ಅದನ್ನು ಕೊನೆಗೆ ಇಟ್ಟುಕೊಳ್ಳುವ.

ನಾನು ಕೊಲಾಬಾದ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಯಂತ್ರಗಳ (ನ್ಯೂಕ್ಲಿಯಸ್ಸಿನ ಸ್ಪಿನ್ ಅಳೆಯುವಂಥವು, ನಿಮ್ಮ ಎಂಆರ್‌ಐಯ ಮೂಲ) ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡವ. ವಿಜ್ಞಾನಿ ಅಲ್ಲ, ಯಂತ್ರ ನೋಡಿಕೊಳ್ಳುವ ಪೈಕಿ. ಅಲ್ಲಿಗೆ ಎನ್‌ಎಂಆರ್ ತಂದವರು ಎಸ್. ಎಸ್. ಧರ್ಮಟ್ಟಿ. ಹೆಸರು ಕೇಳಿದರೇ ನಿಮ್ಮ ಗೋಕಾಕದ ಕಡೆಯ ಊರು ನೆನಪಾಗುತ್ತದೆ. ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ, 1951ರಲ್ಲಿ, ಆರ್ನಾಲ್ಡ್ ಮತ್ತು ಪ್ಯಾಕರ್ಡ್ ಜೊತೆ ಸೇರಿ ಎಥನಾಲಿನ ಹೈಡ್ರೊಜನ್‌ಗಳು ಒಂದೇ ಗೆರೆಯಾಗಿ ಬಾರದೆ ಮೂರು ಗೆರೆಯಾಗಿ ಬರುವುದನ್ನು ತೋರಿಸಿದರು. ಅದೇ ಹೈಡ್ರೊಜನ್, ಆದರೆ ಅಕ್ಕಪಕ್ಕದವರು ಬೇರೆ, ಹಾಗಾಗಿ ಸ್ವರವೂ ಬೇರೆ. ನಿಮ್ಮ ಮಗಳು ಹೇಳಿದ ವಜ್ರದ ಕೆಲಸವೂ ನಿಂತಿರುವುದು ಇದೇ ನೆರೆಹೊರೆಯ ಮೇಲೆ.

ಮೊದಲು ನಿಮ್ಮ 80 ಮಿಲಿಸೆಕೆಂಡು. ಅದು ಪ್ರೋಟಾನಿನ ದೌರ್ಬಲ್ಯ ಅಲ್ಲ, ನೆರೆಹೊರೆಯ ಗಲಾಟೆ. ಸಾಕ್ಷಿ ನಿಮ್ಮ ಯಂತ್ರದಲ್ಲಿಯೇ ಉಂಟು. ಅದೇ ಮೆದುಳಿನಲ್ಲಿ, ವೈಟ್ ಮ್ಯಾಟರ್‌ನಿಂದ ಒಂದು ಬೆರಳು ಆಚೆ, ಸಿಎಸ್‌ಎಫ್‌ನ, ಅಂದರೆ ಮೆದುಳಿನ ಸುತ್ತಲಿನ ದ್ರವದ, ಟಿ2 ಎಷ್ಟು? ಎರಡು ಸೆಕೆಂಡಿನ ಹತ್ತಿರ. ಪ್ರೋಟಾನು ಅದೇ, ಮ್ಯಾಗ್ನೆಟ್ಟು ಅದೇ. ವ್ಯತ್ಯಾಸ ಇಷ್ಟೇ: ಸಿಎಸ್‌ಎಫ್‌ನಲ್ಲಿ ನೀರಿನ ಅಣು ಸ್ವತಂತ್ರ, ಕೆಲವೇ ಪಿಕೋಸೆಕೆಂಡಿಗೊಮ್ಮೆ ಮಗುಚಿಕೊಳ್ಳುತ್ತದೆ. ಪಕ್ಕದ ಪ್ರೋಟಾನು ಒಮ್ಮೆ ಈಚೆಗೆ ಎಳೆಯಿತು, ಮರುಕ್ಷಣ ಆಚೆಗೆ, ಕೂಡಿಸಿದರೆ ಸೊನ್ನೆ. ವೈಟ್ ಮ್ಯಾಟರ್‌ನಲ್ಲಿ ನೀರು ಕೊಬ್ಬು–ಪ್ರೋಟೀನಿನ ಮಗ್ಗುಲಿಗೆ ಅಂಟಿಕೊಂಡು ನಿಧಾನವಾಗಿ ಹೊರಳುತ್ತದೆ. ಎಳೆತ ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುತ್ತದೆ, ತಾಳ ತಪ್ಪುತ್ತದೆ. ಗಣಿತ ಬೇಡ ಎಂದಿರಿ, ಆದರೆ ಈ ಒಂದು ಲೆಕ್ಕ ತಲೆಯಲ್ಲಿ ಇರಲಿ: ಕೆಡುವ ವೇಗ ಎಂದರೆ ಎಳೆತದ ಬಲದ ವರ್ಗ, ಗುಣಿಸು, ಆ ಎಳೆತ ಒಂದೇ ದಿಕ್ಕಿಗೆ ನಿಲ್ಲುವ ಹೊತ್ತು.

ಇನ್ನು ಎಲೆಕ್ಟ್ರಾನ್ ಯಾಕೆ ಬೇಕು. ನಮ್ಮ ಮಾವನ ಹೋಟೆಲು ಮಾಟುಂಗದಲ್ಲಿತ್ತು, ಹುಡುಗನಾಗಿದ್ದಾಗ ರಜೆಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೂರುತ್ತಿದ್ದೆ. ಒಳಗೆ ಅಡುಗೆ ಭಟ್ರು. ಅವರಿಗೆ ಗಿರಾಕಿಯ ಕೂಗು ಕೇಳಿಸುವುದೇ ಇಲ್ಲ, ರೈಲಿನ ಸದ್ದು ಕೇಳಿಸುವುದಿಲ್ಲ, ಸ್ವಲ್ಪ ಕಿವುಡರೂ ಹೌದು. ಹೊರಗೆ ಸಪ್ಲಾಯರ್ ಹುಡುಗ. ಅವನಿಗೆ ಎಲ್ಲವೂ ಕೇಳಿಸುತ್ತದೆ, ಆದ್ದರಿಂದಲೇ ಐದನೇ ಟೇಬಲಿನವರು ಕೂಗಿದರೆ ಮೂರನೇ ಟೇಬಲಿನ ಆರ್ಡರು ಮರೆಯುತ್ತಾನೆ. ಹುಡುಗ ಎಲೆಕ್ಟ್ರಾನು, ಭಟ್ರು ನ್ಯೂಕ್ಲಿಯಸ್ಸು. ಎಲೆಕ್ಟ್ರಾನಿನ ಅಯಸ್ಕಾಂತ, ವಜ್ರದಲ್ಲಿ ಸ್ಪಿನ್ ಇರುವ ಬಗೆಯ ಕಾರ್ಬನ್ ಆದ ಕಾರ್ಬನ್-13ರದ್ದಕ್ಕಿಂತ ಸುಮಾರು 2,600 ಪಟ್ಟು ಜೋರು. ಅದಕ್ಕೆ ಬೆಳಕು, ಮೈಕ್ರೋವೇವು ಬೇಗ ತಟ್ಟುತ್ತವೆ, ಗದ್ದಲವೂ ಅಷ್ಟೇ ಬೇಗ. ಕಾರ್ಬನ್ನಿಗೆ ಏನೂ ಬೇಗ ತಟ್ಟುವುದಿಲ್ಲ. ಕಾಪಾಡಲಿಕ್ಕೆ ಅದು ವರ, ಬರೆಯಲಿಕ್ಕೆ ಅದೇ ಶಾಪ. ಹಾಗಾಗಿ ಆರ್ಡರು ಹುಡುಗನ ಬಾಯಿಂದಲೇ ಹೋಗಬೇಕು.

ಒಂದು ವಿಚಿತ್ರ: ಕ್ವಾಂಟಮ್ ಆರ್ಡರಿಗೆ ನಕಲು ಇಲ್ಲ. ಹುಡುಗ ಭಟ್ರಿಗೆ ಹೇಳಿದ ಕ್ಷಣ ಅವನ ತಲೆಯಿಂದ ಅದು ಹೋಗಿರುತ್ತದೆ. ಒಬ್ಬರ ಹತ್ತಿರ ಇದ್ದದ್ದು ಇನ್ನೊಬ್ಬರ ಹತ್ತಿರ, ಅಷ್ಟೆ. ಇನ್ನೊಂದು: ಸ್ಪಿನ್ನು ಮೇಲೋ ಕೆಳಗೋ ಎಂಬುದು ಉಳಿದರೆ ಸಾಲದು, ಅದಕ್ಕೆ ನಿಮ್ಮ ಟಿ1 ಸಾಕು. ಮೇಲೆ–ಕೆಳಗಿನ ಬೆರಕೆಯಲ್ಲಿ ತಾಳವೂ ಉಳಿಯಬೇಕು, ಅಂದರೆ ಟಿ2.

ಈಗ ನಿಮ್ಮ ಬೇಲಿ–ಹೊಲ. ನೀವು ಹೇಳಿದ್ದು ನಿಜ, ಹುಡುಗ ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದು ಕೂಗಿದರೆ ಭಟ್ರೂ ಮರೆಯುತ್ತಾರೆ. ಗ್ಯಾಡೊಲಿನಿಯಂನಲ್ಲಿ ಏಳು ಜನ ಕೂಗುವವರು, ನೀರು ಬಂದು ಅವರ ಮೈಗೇ ತಾಗುತ್ತದೆ. ಎಳೆತ ವಿಪರೀತ, ಅದನ್ನು ವರ್ಗ ಮಾಡಿ ಎಂದೆನಲ್ಲ, ಎಷ್ಟು ಬೇಗ ದಿಕ್ಕು ಬದಲಿಸಿದರೂ ಸಾಲುವುದಿಲ್ಲ. ವಜ್ರದಲ್ಲಿಯೂ ಈ ತೊಂದರೆ ಉಂಟು. ಹುಡುಗನಿಗೆ ಹೊಸ ಕೆಲಸ ಕೊಡಲು ಲೇಸರ್ ಹಾಕಿ ತಲೆ ತೊಳೆದಾಗಲೆಲ್ಲ ಭಟ್ರಿಗೆ ಕಸಿವಿಸಿ.

ಇದಕ್ಕೆ ಎರಡು ಮದ್ದು ಕಂಡಿದ್ದೇನೆ. ಒಂದು, ಹುಡುಗನನ್ನೇ ಹೊರಗೆ ಕಳಿಸುವುದು. ಸಿಲಿಕಾನ್-28ಕ್ಕೆ ಸ್ಪಿನ್ನೇ ಇಲ್ಲ, ಸದ್ದಿಲ್ಲದ ಊರು. ಅದರಲ್ಲಿ ರಂಜಕದ ಪರಮಾಣು ಇಟ್ಟು, ಮಾಹಿತಿ ಒಳಗೆ ಹೋದ ಮೇಲೆ ಅದರ ಎಲೆಕ್ಟ್ರಾನನ್ನೇ ಕಿತ್ತುಹಾಕಿದರು. 2013ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರ ತಂಡ ಹೀಗೆ ಕೋಣೆಯ ಉಷ್ಣತೆಯಲ್ಲಿ 39 ನಿಮಿಷ ಉಳಿಸಿತು. ಬರೆಯುವುದು ಓದುವುದು ಮಾತ್ರ ಹೀಲಿಯಂ ತಂಪಿನಲ್ಲಿ. ಅದೂ ಒಂದೇ ಪರಮಾಣುವಲ್ಲ, ಅಸಂಖ್ಯ ಪರಮಾಣುಗಳ ಒಟ್ಟು ಸಿಗ್ನಲ್ಲು. ರಂಜಕದ ನ್ಯೂಕ್ಲಿಯಸ್ಸೇ ಕ್ಯೂಬಿಟ್ (ಕ್ವಾಂಟಮ್ ಮಾಹಿತಿಯ ಒಂದು ಘಟಕ) ಎಂಬ ಯೋಚನೆ ಹಳೆಯದು, 1998ರಲ್ಲಿ ಬ್ರೂಸ್ ಕೇನ್ ಬರೆದದ್ದು.

ಎರಡನೆಯದು ನನಗೆ ಬಹಳ ಇಷ್ಟ. 2012ರಲ್ಲಿ ಹಾರ್ವರ್ಡ್‌ನ ಲುಕಿನ್ ತಂಡ ವಜ್ರಕ್ಕೆ ಹಸಿರು ಲೇಸರನ್ನು ಕಡಿಮೆ ಮಾಡುವ ಬದಲು ಜೋರು ಮಾಡಿತು. ಎಲೆಕ್ಟ್ರಾನು ಬರುತ್ತದೆ ಹೋಗುತ್ತದೆ, ಬರುತ್ತದೆ ಹೋಗುತ್ತದೆ, ಎಷ್ಟು ಬೇಗ ಎಂದರೆ ಕಾರ್ಬನ್ನಿಗೆ ಅದರ ಎಳೆತ ತಟ್ಟುವಷ್ಟು ಪುರುಸೊತ್ತೇ ಇಲ್ಲ. ಕೋಣೆಯ ಉಷ್ಣತೆಯಲ್ಲಿ ಒಂದು ಸೆಕೆಂಡು ದಾಟಿಸಿದರು. ನಿಮ್ಮ ಸಿಎಸ್‌ಎಫ್ ಬೆಳ್ಳಗೆ ಕಾಣುವುದಕ್ಕೂ ಇದಕ್ಕೂ ಕಾರಣ ಒಂದೇ. ನೀವು ದಿನಾ ನೋಡುವುದನ್ನೇ ಅವರು ವಜ್ರದಲ್ಲಿ ಮಾಡಿದರು.

ಕಾಫಿ ಬಿಟ್ಟ ಹಾಸನ

ನಿವೃತ್ತ ಸರ್, ಭಟ್ರ ಉದಾಹರಣೆ ನಾನು ನನ್ನ ಸೆಮಿನಾರಿಗೆ ಕದೀತೀನಿ, ಮೊದಲೇ ಹೇಳಿಬಿಟ್ಟಿದೀನಿ.

ಅಂಕಲ್, ನಾನು ಪುಣೆಯ ಒಂದು ಲ್ಯಾಬಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಇದೇ ವಜ್ರ. ಕಣ್ಣಾರೆ ಏನು ಕಾಣುತ್ತೆ ಅಂತ ಹೇಳ್ತೀನಿ.

ವಜ್ರ ಅಂದ್ರೆ ಉಂಗುರದ್ದಲ್ಲ. ಮೀಥೇನ್ ಅನಿಲದಿಂದ ಬೆಳೆಸಿದ ಚಪ್ಪಟೆ ತುಂಡು, ಬೆರಳಿನ ಉಗುರಿಗಿಂತ ಚಿಕ್ಕದು. ಅದರಲ್ಲಿ ಒಂದು ಕಾರ್ಬನ್ ಜಾಗದಲ್ಲಿ ನೈಟ್ರೋಜನ್ ಕೂತಿರುತ್ತೆ, ಪಕ್ಕದ ಜಾಗ ಖಾಲಿ. ಆ ಜೋಡಿಗೆ ಎನ್‌ವಿ ಅಂತೀವಿ, ನಾವು ಆಡಿಸೋ ಎಲೆಕ್ಟ್ರಾನ್ ಇರೋದು ಅಲ್ಲೇ. 532 ನ್ಯಾನೋಮೀಟರ್ ಹಸಿರು ಲೇಸರ್ ಬಿಟ್ಟರೆ ಅದು ಕೆಂಪಗೆ ಮಿನುಗುತ್ತೆ. ಕಣ್ಣಿಗಲ್ಲ, ಡಿಟೆಕ್ಟರಿಗೆ. ಸ್ಕ್ಯಾನ್ ಮಾಡಿದರೆ ಕಪ್ಪು ಪರದೆ ಮೇಲೆ ಚುಕ್ಕಿ ಚುಕ್ಕಿ, ಒಳ್ಳೆ ತುಂಡಾದರೆ ಒಂದೊಂದು ಚುಕ್ಕಿ ಒಂದೇ ಎನ್‌ವಿ. ನಿಮ್ಮ ಮಷೀನಲ್ಲಿ 1.5 ಟೆಸ್ಲಾ ಹಾಕಿದರೂ ಮೇಲಕ್ಕೂ ಕೆಳಕ್ಕೂ ನಿಂತ ಪ್ರೋಟಾನ್‌ಗಳ ವ್ಯತ್ಯಾಸ 10 ಲಕ್ಷಕ್ಕೆ 5ರಷ್ಟು ಮಾತ್ರ, ಕೋಟಿಕೋಟಿ ಸೇರಿ ಸಿಗ್ನಲ್ ಕೊಡಬೇಕು. ಇಲ್ಲಿ ಒಂದೇ ಒಂದು.

ವಜ್ರದ ಮೇಲೆ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಎಳೆದು ಬೆಸುಗೆ ಹಾಕ್ತೀವಿ. ನನ್ನ ಮೊದಲ ಆರು ತಿಂಗಳು ಆ ತಂತಿ ಕಿತ್ತುಹೋಗೋದರಲ್ಲೇ ಕಳೀತು. ಅದರಲ್ಲಿ ಮೈಕ್ರೋವೇವ್ ಹರಿಸಿ ಫ್ರೀಕ್ವೆನ್ಸಿ ಏರಿಸ್ತಾ ಹೋದರೆ 2.87 ಗಿಗಾಹರ್ಟ್ಸ್‌ನಲ್ಲಿ ಕೆಂಪು ಬೆಳಕು ಕುಗ್ಗುತ್ತೆ, ಗ್ರಾಫಲ್ಲಿ ಒಂದು ಹಳ್ಳ. ಅಲ್ಲಿ ಎಲೆಕ್ಟ್ರಾನ್ ಸ್ಪಿನ್ ತಿರುಗಿತು ಅಂತ. ಪುಟ್ಟ ಮ್ಯಾಗ್ನೆಟ್ ಹತ್ತಿರ ತಂದರೆ ಹಳ್ಳ ಎರಡಾಗಿ ದೂರ ಸರಿಯುತ್ತೆ, ಎನ್‌ವಿಯ ನೇರಕ್ಕೆ ಹಿಡಿದರೆ ಒಂದು ಗಾಸ್‌ಗೆ (ಟೆಸ್ಲಾದ ಹತ್ತು ಸಾವಿರದಲ್ಲಿ ಒಂದು ಪಾಲು) 5.6 ಮೆಗಾಹರ್ಟ್ಸ್. ಮೊದಲ ಸಲ ನೋಡಿದಾಗ ಮ್ಯಾಗ್ನೆಟ್ ಹಿಡಕೊಂಡು ಹಿಂದಕ್ಕೆ ಮುಂದಕ್ಕೆ ಹೋಗ್ತಾ ಅರ್ಧ ಗಂಟೆ ಆಟ ಆಡಿದ್ದೆ. ಒಂದು ಸಂಜೆ ಹಳ್ಳ ತಾನೇ ಜಾರ್ತಿತ್ತು, ಇಡೀ ಸೆಟಪ್ ಬಿಚ್ಚಿ ನೋಡಿದ್ದಾಯ್ತು. ಕೊನೆಗೆ ನೋಡಿದರೆ ಯಾರೋ ಎಸಿ ಆರಿಸಿದ್ದರು. ಒಂದು ಡಿಗ್ರಿ ಬಿಸಿಯಾದರೆ 74 ಕಿಲೋಹರ್ಟ್ಸ್ ಕೆಳಗೆ ಇಳಿಯುತ್ತೆ ಅನ್ನೋದು ಪುಸ್ತಕದಲ್ಲಿ ಓದಿದ್ದೆ, ಬೆವರು ಸುರಿಸಿದ ಮೇಲೇ ನಂಬಿದ್ದು.

ಈಗ ಮುಖ್ಯ ವಿಷಯ. ಮೈಕ್ರೋವೇವ್ ಪವರ್ ತಗ್ಗಿಸಿ, ಹೆಜ್ಜೆ ಸಣ್ಣದು ಮಾಡಿ, ನಿಧಾನಕ್ಕೆ ನೋಡಿದರೆ ಆ ಒಂದು ಹಳ್ಳದೊಳಗೆ ಮೂರು ಪುಟ್ಟ ಹಳ್ಳ ಕಾಣುತ್ತೆ. ನಡುವೆ ಅಂತರ 2.16 ಮೆಗಾಹರ್ಟ್ಸ್. ಅದು ನೈಟ್ರೋಜನ್-14ರ ನ್ಯೂಕ್ಲಿಯಸ್, ಅದಕ್ಕೆ ಮೂರು ನಿಲುವು, ಒಂದೊಂದು ನಿಲುವಿಗೆ ಎಲೆಕ್ಟ್ರಾನಿನ ಸ್ವರ ಒಂದಿಷ್ಟು ಬದಲು. ಅಂದರೆ ನಾನು ಎಡಗಡೆ ಹಳ್ಳಕ್ಕೆ ಮಾತ್ರ ಟ್ಯೂನ್ ಮಾಡಿ ಪಲ್ಸ್ ಕೊಟ್ಟರೆ, ನ್ಯೂಕ್ಲಿಯಸ್ ಆ ನಿಲುವಲ್ಲಿ ಇದ್ದರೆ ಮಾತ್ರ ಎಲೆಕ್ಟ್ರಾನ್ ತಿರುಗುತ್ತೆ, ಇಲ್ಲದಿದ್ದರೆ ಇಲ್ಲ. ಇದಕ್ಕೇ ಸಿ-ನಾಟ್ ಗೇಟ್ ಅನ್ನೋದು. ಇನ್ನೊಂದು ದಿಕ್ಕಿಗೆ, ರೇಡಿಯೋ ಪಲ್ಸ್ ಕೊಟ್ಟು, ಎಲೆಕ್ಟ್ರಾನ್ ಇಂಥ ನಿಲುವಲ್ಲಿ ಇದ್ದರೆ ಮಾತ್ರ ನ್ಯೂಕ್ಲಿಯಸ್ ತಿರುಗೋ ಹಾಗೆ ಮಾಡಬಹುದು. ಇವನ್ನ ಒಂದಾದ ಮೇಲೊಂದು ಮೂರು ಸಲ ಮಾಡಿದರೆ ಅದಲು ಬದಲು ಪೂರ್ತಿ. ನ್ಯೂಕ್ಲಿಯಸ್ ಮೊದಲೇ ಗೊತ್ತಿರೋ ನಿಲುವಲ್ಲಿ ಇದ್ದರೆ ಎರಡೇ ಸಾಕು. ಸುಮಾರು 510 ಗಾಸ್ ಮ್ಯಾಗ್ನೆಟ್ಟಲ್ಲಿ ಹಸಿರು ಲೇಸರ್ ಬಿಟ್ಟರೆ ನೈಟ್ರೋಜನ್ ತಾನಾಗೇ ಒಂದು ನಿಲುವಿಗೆ ಬಂದು ಕೂರುತ್ತೆ, ನಮಗೆ ಆ ಅನುಕೂಲ ಇದೆ.

ಕಾರ್ಬನ್-13 ಹಿಡಿಯೋದು ಇನ್ನೂ ನಾಜೂಕು. ದೂರ ಇರೋದರ ಎಳೆತ ಹಳ್ಳದಲ್ಲಿ ಕಾಣೋದೇ ಇಲ್ಲ. ನಿಮ್ಮ ಟರ್ಬೋ ಸ್ಪಿನ್ ಎಕೋ ಥರನೇ ಎಲೆಕ್ಟ್ರಾನಿಗೆ 180 ಮೇಲೆ 180 ಹೊಡೀತೀವಿ. ಎಲ್ಲಾ ಗದ್ದಲ ಅಳಿಸಿಹೋಗುತ್ತೆ. ಆದರೆ ಪಲ್ಸ್ ನಡುವಿನ ಅಂತರ ಒಂದು ಕಾರ್ಬನ್ನಿನ ತಿರುಗಾಟಕ್ಕೆ ಸರಿಯಾಗಿ ಕೂಡಿಬಂದರೆ ಅದರ ಎಳೆತ ಮಾತ್ರ ಅಳಿಸಲ್ಲ, ಕೂಡುತ್ತಾ ಹೋಗುತ್ತೆ. ಅಂತರ ಬದಲಿಸಿದರೆ ಇನ್ನೊಂದು ಕಾರ್ಬನ್. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್‌ನಲ್ಲಿ 2019ರಲ್ಲಿ ಹೀಗೆ ಒಂದು ಎಲೆಕ್ಟ್ರಾನ್, ಒಂದು ನೈಟ್ರೋಜನ್, ಎಂಟು ಕಾರ್ಬನ್, ಒಟ್ಟು ಹತ್ತು ಕ್ಯೂಬಿಟ್ ಆಡಿಸಿದರು. ಒಂದು ಸ್ಥಿತಿಯನ್ನ 75 ಸೆಕೆಂಡಿಗಿಂತ ಹೆಚ್ಚು ಕಾಪಾಡಿದ್ದು ಅದರಲ್ಲೇ, ಸುಮಾರು 4 ಕೆಲ್ವಿನ್‌ನಲ್ಲಿ, ಅಂದರೆ ಹೀಲಿಯಂ ತಂಪಿನಲ್ಲಿ. ನಿಮ್ಮ ಮಗಳು ಕೇಳಿಸಿಕೊಂಡು ಬಂದಿದ್ದು ಇದೇ ಇರಬೇಕು.

ವಾಸ್ಕೋ ಬಂದರು

ಎಲ್ಲಾ ಸರಿ. ಒಂದು ನಿಮಿಷ ಇಟ್ಕೊಂಡು ಏನ್ ಮಾಡ್ತೀರಾ? ನಮ್ಮ ಕಂಟೇನರ್ ಕ್ಲಿಯರ್ ಆಗೋಕೇ ನಾಕು ದಿನ ಬೇಕು.

ಕಾಫಿ ಬಿಟ್ಟ ಹಾಸನ

ದೂರ ದೂರ ಇರೋ ಎರಡು ವಜ್ರಗಳನ್ನ ಬೆಳಕಿನಿಂದ ಜೋಡಿಸ್ತಾರೆ. ಫೈಬರಲ್ಲಿ ಫೋಟಾನ್ ಕಳೆದುಹೋಗುತ್ತೆ, ಹತ್ತು ಸಾವಿರ ಸಲ ಪ್ರಯತ್ನಿಸಿದರೂ ಕೂಡಿಬರದೆ ಇರಬಹುದು. ಮೂರು ಊರು ಜೋಡಿಸಬೇಕು ಅಂದ್ಕೊಳಿ. ಮೊದಲ ಜೋಡಿ ಆಯ್ತು, ಎರಡನೇದಕ್ಕೆ ಅದೇ ಎಲೆಕ್ಟ್ರಾನ್ ಮತ್ತೆ ಬೇಕು. ಆಗ ಸಿಕ್ಕಿದ್ದನ್ನ ಕಾರ್ಬನ್ನಿಗೆ ಇಳಿಸಿ ಎಲೆಕ್ಟ್ರಾನ್ ಖಾಲಿ ಮಾಡಿಕೊಳ್ತಾರೆ. 2021ರಲ್ಲಿ ಡೆಲ್ಫ್ಟ್‌ನಲ್ಲಿ ಮೂರು ನೋಡ್ ಜೋಡಿಸಿದಾಗ ನಡುವಿನ ವಜ್ರದ ಕಾರ್ಬನ್-13 ಮಾಡಿದ್ದು ಇದೇ ಕೆಲಸ. ಅಲ್ಲಿ ನಿಮಿಷ ಅಲ್ಲ, ಸೆಕೆಂಡಿನ ಒಂದು ಚೂರು ಸಿಕ್ಕರೂ ಹಬ್ಬ. ಹಿಂಜೇವಾಡಿಯವರಿಗೂ ಉತ್ತರ ಇದೇ: ಒಂದು ನ್ಯೂಕ್ಲಿಯಸ್‌ಗೆ ಒಂದೇ ಕ್ಯೂಬಿಟ್, ಪೆನ್ ಡ್ರೈವ್ ಆಸೆ ಬಿಡಿ.

ಕೊಥ್ರೂಡ್ ಕಾಕಾ

ಹಿರಿಯರ, ಸಿಎಸ್‌ಎಫ್ ಮಾತು ಓದಿ ಕುಂತಲ್ಲೇ ಎದ್ದು ನಿಂತೆ. ಹತ್ತೊಂಬತ್ತು ವರ್ಷ ಬೆಳ್ಳಗ ಕಾಣತೈತಿ ಅಂತ ಗೊತ್ತಿತ್ತು, ಯಾಕ ಅಂತ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ನಾವು ದಿನಾ ಎಂಆರ್‌ಸಿಪಿ ಮಾಡ್ತೀವಿ, ಪಿತ್ತಕೋಶದ ಹಳ್ಳು ನೋಡಾಕ. ಟಿಇ, ಅಂದ್ರ ಪಲ್ಸ್ ಹೊಡದು ಎಕೋ ಹಿಡಿಯೂತನಕದ ಹೊತ್ತು, ಒಯ್ದು 700–800 ಮಿಲಿಸೆಕೆಂಡಿಗೆ ಇಡ್ತೀವಿ. ಅಷ್ಟೊತ್ತಿಗೆ ಲಿವರ್ ಸತ್ತು ಕರ್ರಗಾಗಿರತೈತಿ, ಪಿತ್ತದ ನಾಳ ಮಾತ್ರ ಬೇರು ಬಿಟ್ಟ ಗಿಡದಂಗ ಬೆಳ್ಳಗ ನಿಂತಿರತೈತಿ. ಅಂದ್ರ ಪಿತ್ತ ನೆನಪಿಟ್ಕೊಂಡೈತಿ, ಲಿವರ್ ಮರ್ತೈತಿ. ಮಗಳಿಗೆ ಹಿಂಗ ಹೇಳ್ದೆ, "ಈಗ ದಾರಿಗೆ ಬಂದಿ ಪಪ್ಪಾ" ಅಂದ್ಲು.

ಅಷ್ಟಕ್ಕ ಬಿಡ್ಲಿಲ್ಲ. ಹೊರಳಾಟ ನಿಂತ್ರ ಸಿಗ್ನಲ್ ಸಾಯಬೇಕಲ್ಲ, ನೋಡೇ ಬಿಡೋಣು ಅಂದೆ. ನಮ್ಮ ರೇಡಿಯಾಲಜಿಸ್ಟ್ ಮೇಡಂ ಅವರಿಗೆ ಕೇಳಿ, ಮೊನ್ನೆ ರಾತ್ರಿ ಪೇಶಂಟ್ ಮುಗಿದ ಮ್ಯಾಲೆ ಎರಡು ಪ್ಲಾಸ್ಟಿಕ್ ಬಾಟ್ಲಿ ಒಯ್ದೆ. ಒಂದರಾಗ ನಳದ ನೀರು, ಇನ್ನೊಂದರಾಗ ಅದೇ ನೀರು, ಮನಿ ಫ್ರೀಜರ್‌ನ್ಯಾಗ ಇಡೀ ದಿನ ಇಟ್ಟು ಕಲ್ಲು ಮಾಡಿದ್ದು. ಟವೆಲ್ ಸುತ್ತಿ ಎರಡೂ ಹೆಡ್ ಕಾಯ್ಲ್‌ನ್ಯಾಗ ಮಗ್ಗಲ ಮಗ್ಗಲ ಮಲಗಿಸಿದೆ. ಟಿಇ ಎಷ್ಟು ಕಡಿಮಿ ಆಗತೈತೋ ಅಷ್ಟು ಕಡಿಮಿ ಇಟ್ಟೆ, ಸುಮಾರು 10. ನೀರಿನ ಬಾಟ್ಲಿ ಫಕ್ಕನ ಬೆಳಗಿತು. ಬರ್ಫಿನ ಬಾಟ್ಲಿ ಇಲ್ಲೇ ಇಲ್ಲ! ಕರ್ರಗ, ಗಾಳಿ ಇದ್ದಂಗ. ಅಂಚಿಗೆ ಮಾತ್ರ ಬೆಳ್ಳನ ಗೆರಿ, ದಾರದಂಗ, ಕರಗಾಕ ಹತ್ತಿದ್ದ ನೀರು. ಹತ್ತು ನಿಮಿಷ ಬಿಟ್ಟು ಮತ್ತ ಹೊಡದೆ, ಗೆರಿ ದಪ್ಪ ಆಗಿತ್ತು. ಫೋಟೋ ಫೋನಿನ್ಯಾಗ ಐತಿ, ಮಗಳು ಕಾಲೇಜಿನ್ಯಾಗ ಎಲ್ಲಾರಿಗೂ ತೋರ್ಸ್ಯಾಳ.

ಆದ್ರ ಈಗ ಹೊಸಾ ತಲಿಬ್ಯಾನಿ. ಬರ್ಫು ಗಟ್ಟಿ, ಅದಕ್ಕ ಸತ್ತಿತು. ವಜ್ರ ಬರ್ಫಿಗಿಂತ ಗಟ್ಟಿ ಅಲ್ರಿ? ಅಲ್ಲಿ ಯಾವ ಕಾರ್ಬನ್ನೂ ಹೊರಳಂಗಿಲ್ಲ. ಲೆಕ್ಕದ ಪ್ರಕಾರ ಅಲ್ಲೂ ಕರ್ರಗ ಆಗಬೇಕಿತ್ತು.

ಮಾಟುಂಗಾ ನಿವೃತ್ತ

ಭಲೇ ತಮ್ಮಾ. ನಾವು ಮಂಜುಗಡ್ಡೆ ಇಟ್ಟು ನೋಡಿದವರಲ್ಲ. ಹಾಸನದವರು ಉತ್ತರ ಹೇಳಲಿ, ನನಗೆ ಗೊತ್ತಿದ್ದರೂ ಅವರ ವಜ್ರ ಅದು.

ಕಾಫಿ ಬಿಟ್ಟ ಹಾಸನ

ಅಂಕಲ್, ಆ ಫೋಟೋ ನನಗೂ ಬೇಕು.

ಬರ್ಫಲ್ಲಿ ಒಂದೇ ನೀರಿನ ಅಣುವಿನ ಎರಡು ಪ್ರೋಟಾನ್ ಪಕ್ಕಪಕ್ಕ, ಸುಮಾರು 1.5 ಆಂಗ್‌ಸ್ಟ್ರಾಮ್ ದೂರ. ಅವುಗಳ ನಡುವಿನ ಎಳೆತ 30 ಕಿಲೋಹರ್ಟ್ಸ್‌ಗೂ ಮೇಲೆ. ಹೊರಳಾಟ ನಿಂತರೆ ಕೆಲವೇ ಮೈಕ್ರೋಸೆಕೆಂಡಲ್ಲಿ ಮುಗೀತು, ನಿಮ್ಮ ಟಿಇ 10 ಮಿಲಿಸೆಕೆಂಡು ಅದರ ಮುಂದೆ ಒಂದು ಯುಗ. ವಜ್ರದಲ್ಲೂ ಪಕ್ಕದ ಕಾರ್ಬನ್ ಇಷ್ಟೇ ದೂರ, 1.54 ಆಂಗ್‌ಸ್ಟ್ರಾಮ್. ಆದರೆ ಕಾರ್ಬನ್-13ರ ಅಯಸ್ಕಾಂತ ಪ್ರೋಟಾನಿನ ಕಾಲು ಭಾಗ. ಎಳೆತಕ್ಕೆ ಎರಡು ಕಡೆಯೂ ಲೆಕ್ಕ, ಕಾಲು ಗುಣಿಸು ಕಾಲು, 16ರಲ್ಲಿ ಒಂದು ಪಾಲು, ಸುಮಾರು 2 ಕಿಲೋಹರ್ಟ್ಸ್. ಅದೂ ಪಕ್ಕದಲ್ಲೇ ಇನ್ನೊಂದು ಕಾರ್ಬನ್-13 ಇದ್ದರೆ ಮಾತ್ರ. ಪ್ರಕೃತಿಯಲ್ಲಿ ಕಾರ್ಬನ್-13 ಇರೋದು 1.1 ಶೇಕಡ, ತೊಂಬತ್ತರಲ್ಲಿ ಒಂದು. ಉಳಿದದ್ದೆಲ್ಲ ಕಾರ್ಬನ್-12, ಸ್ಪಿನ್ನೇ ಇಲ್ಲ. ದೂರ ಎರಡು ಪಟ್ಟಾದರೆ ಎಳೆತ ಎಂಟರಲ್ಲಿ ಒಂದು ಪಾಲು. ಹಾಗಾಗಿ ಊರು ಗಟ್ಟಿಯಾಗಿದ್ರೂ ಮನೆಗಳು ದೂರ ದೂರ, ನಡುವೆ ಎಲ್ಲಾ ಖಾಲಿ ಸೈಟು. ಇನ್ನೂ ಬೇಕು ಅಂದರೆ ಕಾರ್ಬನ್-12 ಆಯ್ದು 99.99 ಶೇಕಡಾ ಮಾಡಿ ವಜ್ರ ಬೆಳೆಸ್ತಾರೆ, 2012ರ ಪ್ರಯೋಗದಲ್ಲಿ ಹಾಗೇ ಮಾಡಿದ್ದು. ಮಿಕ್ಕ ಸಣ್ಣಪುಟ್ಟ ಎಳೆತ ನಿಧಾನಕ್ಕೆ ಬದಲಾಗೋದರಿಂದ 180 ಪಲ್ಸ್ ಅದನ್ನ ಅಳಿಸುತ್ತೆ.

ಇನ್ನೊಂದು ಇದೆ, ನಿಮ್ಮ ಬೇಲಿ ಮಾತಿಗೆ. ಎರಡು ನ್ಯೂಕ್ಲಿಯಸ್ ಒಂದಕ್ಕೊಂದು ತಿರುವು ಬದಲಾಯಿಸಿಕೊಳ್ಳಬೇಕು ಅಂದರೆ ಎರಡರ ಸ್ವರ ಒಂದೇ ಇರಬೇಕು. ಎಲೆಕ್ಟ್ರಾನಿನ ಪಕ್ಕ ಇರೋ ಕಾರ್ಬನ್‌ಗಳಿಗೆ ಅದರ ಎಳೆತ ಒಂದೊಂದಕ್ಕೆ ಒಂದೊಂದು ಥರ, ಹತ್ತಿರದ್ದಕ್ಕೆ ಜಾಸ್ತಿ, ದೂರದ್ದಕ್ಕೆ ಕಡಿಮೆ. ಸ್ವರ ಹೊಂದಲ್ಲ, ಅದಲು ಬದಲು ಆಗಲ್ಲ. ಎಲೆಕ್ಟ್ರಾನ್ ಒಂದೇ ನಿಲುವಲ್ಲಿ ಅಲ್ಲಾಡದೆ ಕೂತರೆ ಸುತ್ತಲಿನ ಕಾರ್ಬನ್‌ಗಳನ್ನ ಅದೇ ಕಾಯುತ್ತೆ. 4 ಕೆಲ್ವಿನ್ ಹತ್ತಿರ ಅದು ಹಾಗೆ ಒಂದು ಗಂಟೆಗೂ ಹೆಚ್ಚು ಕೂರಬಲ್ಲದು. ನಿಮ್ಮ ಗ್ಯಾಡೊಲಿನಿಯಂನ ಎಲೆಕ್ಟ್ರಾನಿಗೆ ಕೂರೋ ಅಭ್ಯಾಸನೇ ಇಲ್ಲ.

ಕೊಥ್ರೂಡ್ ಕಾಕಾ

ಕುಂತ್ರ ಬೇಲಿ, ಎದ್ರ ದನ! ಇದನ್ನ ಮಗಳಿಗೆ ಓದಿ ಹೇಳ್ತೀನಿ.

ಹಿರಿಯರ, ಮುಂದಿನ ತಿಂಗಳ ಮುಂಬೈಕ ಬರೂದೈತಿ, ಮಾಟುಂಗದಾಗ ಇಡ್ಲಿ ತಿನ್ನೋಣು. ಹಾಸನದ ತಂಗಿ, ಫೋಟೋ ಕಳಸ್ತೀನಿ, ಆದ್ರ ಆ ಮೂರು ಸಣ್ಣ ಹಳ್ಳದ ಗ್ರಾಫ್ ನೀವೂ ಕಳಸಬೇಕು, ಅಕಿ ಹಟಾ ಹಿಡದಾಳ. ಈಗ ಒಂದು ಎಂಆರ್‌ಸಿಪಿ ಬಂದೈತಿ. ಅಜ್ಜ ಬೆಲ್ಟೂ ಬಿಚ್ಚಿಲ್ಲ, ಉಡದಾರದ ಕೀಲಿನೂ ಬಿಚ್ಚಿಲ್ಲ, ಬಾಗಲದಾಗ ನಿಂತಾನ. ಹೋಗಿ ಬಿಚ್ಚಿಸಿ ಬರ್ತೀನಿ.